ಹಿರಿಯರು ಬಾಯಿಬಿಡದ ವ್ಯಾಧಿ

1963ನೆಯ ಇಸವಿ ಅಕ್ಟೋಬರ್ 7ರ ರಾತ್ರಿ. ಬ್ರಿಟಿಷ್ ಪ್ರಧಾನಿ ಹೆರಾಲ್ಡ್ ಮ್ಯಾಕ್ಮಿಲನ್ನರು ಅಂದು ಬಹಳ ದಿನಗಳ ತೊಳಲಾಟದ ನಂತರ ಒಂದು ನಿಶ್ಚಯಕ್ಕೆ ಬಂದಿದ್ದರು. ಅಧಿಕಾರವನ್ನು ಬಿಡತಕ್ಕದ್ದಲ್ಲ, ಮುಂದಿನ ಚುನಾವಣೆಯಲ್ಲಿಯೂ ಪಕ್ಷವನ್ನು ತಾವೇ ಮುನ್ನಡೆಸತಕ್ಕದ್ದು. ಅವರಿಗೆ ಆಗ ಅರವತ್ತೊಂಬತ್ತು ವರ್ಷ. ನಿಶ್ಚಯ ಮಾಡಿ ಮಲಗಿದವರು ನಡುರಾತ್ರಿಯಲ್ಲಿ ಮೂತ್ರವಿಸರ್ಜನೆಗೆಂದು ಎದ್ದರು. ಮೂತ್ರ ಹೊರಡಲೊಲ್ಲದು. ಪ್ರಯತ್ನಿಸಿದಷ್ಟೂ ಪ್ರಾಣ ಹೋಗುವಂತಹ ನೋವು. ವೈದ್ಯರು ಧಾವಿಸಿ ಬಂದು ನಳಿಕೆಯಿಟ್ಟು ಮೂತ್ರ ತೆಗೆದಮೇಲೆ ಕೊಂಚ ಉಪಶಮನವಾಯಿತು. ಮರುದಿನ ಬೆಳಗ್ಗೆ ಹಲ್ಲು ಕಚ್ಚಿಕೊಂಡು ಮಂತ್ರಿಮಂಡಲದ ಸಭೆಗೆ ಬಂದು ಕುಳಿತರಾದರೂ ಅಂದೇ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. 10ರಂದು ಶಸ್ತ್ರಚಿಕಿತ್ಸೆಯಾಯಿತು. ಬ್ಲ್ಯಾಕ್‌ಪೂಲ್ ಪಟ್ಟಣದಲ್ಲಿ ಸೇರಿದ್ದ ಪಕ್ಷದ ಮಹಾಧಿವೇಶನಕ್ಕೆ, ನಾಯಕರು ನಿವೃತ್ತರಾಗುವರೆಂಬ ಸುದ್ದಿ ಅದೇ ದಿನ ತಲುಪಿತು. 18ರಂದು ರಾಣಿ ಎಲಿಜಬೆತ್ತರು ಆಸ್ಪತ್ರೆಗೇ ಬಂದು ರೋಗಿಯನ್ನು ಕಂಡರು. ಪ್ರಧಾನಿ ಪದವಿ ಬೇರೆಯವರ ಪಾಲಾಯಿತು.

ಆ ವರ್ಷದ ಪ್ರೊಫ್ಯೂಮೊ ಹಗರಣದಿಂದ ಮ್ಯಾಕ್ಮಿಲನ್ನರ ಕುರ್ಚಿ ಮೊದಲೇ ಅಲುಗಾಡುತ್ತಿತ್ತೆಂಬುದು ನಿಜ. ರಾಜಕೀಯದ ಲೆಕ್ಕಾಚಾರ ಏನೇ ಇರಲಿ, ಆ ರಾತ್ರಿ ಅವರನ್ನು ಹಾಸಿಗೆಯಿಂದೆಬ್ಬಿಸಿದ್ದು ವಿರೋಧಪಕ್ಷವಲ್ಲ. ಮೂತ್ರಕೋಶದ ಬುಡದಲ್ಲಿ ಅವಿತುಕೊಂಡಿರುವ ಒಂದು ಪುಟ್ಟ ಗ್ರಂಥಿ. ಅದರಲ್ಲಿ ಕ್ಯಾನ್ಸರ್ ಇರಲಿಲ್ಲ. ವಯೋಧರ್ಮಕ್ಕೆ ಅನುಸಾರವಾಗಿ ಅದು ಬೆಳೆದಿತ್ತು, ಅಷ್ಟೆ. ರಾಜೀನಾಮೆ ಕೊಟ್ಟ ಆ ವೃದ್ಧರು ಅನಂತರ ಇಪ್ಪತ್ತಮೂರು ವರ್ಷ ಬದುಕಿ, 1986ರಲ್ಲಿ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇದಾದ ಐದೇ ತಿಂಗಳಿಗೆ, 1964ರ ಮಾರ್ಚಿಯಲ್ಲಿ, ಫ್ರಾನ್ಸಿನ ಅಧ್ಯಕ್ಷ ಜನರಲ್ ದ ಗಾಲ್ ಮೆಕ್ಸಿಕೋ ದೇಶಕ್ಕೆ ಭೇಟಿಕೊಟ್ಟರು. ಲಕ್ಷಾಂತರ ಜನ ನೆರೆದು ಜಯಕಾರ ಮಾಡಿದರು. ಆ ಎತ್ತರದ ಸೇನಾನಿ ಉಡುಪಿನೊಳಗೆ ಮೂತ್ರದ ನಳಿಕೆಯನ್ನು ಧರಿಸಿಕೊಂಡೇ ಮೆರವಣಿಗೆ ನಡೆಸುತ್ತಿದ್ದರೆಂಬುದು ಆ ಜನಕ್ಕೆ ತಿಳಿದಿರಲಿಲ್ಲ. ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಕೊಶೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗುವವರೆಗೂ ಗುಟ್ಟು ಗುಟ್ಟಾಗಿಯೇ ಉಳಿಯಿತು. ಒಬ್ಬರು ಇದೇ ಕಾರಣಕ್ಕೆ ಪದವಿಯಿಂದ ಇಳಿದರು. ಇನ್ನೊಬ್ಬರು ಗುಣಮುಖರಾಗಿ ಮರುವರ್ಷದ ಚುನಾವಣೆಯಲ್ಲಿ ಗೆದ್ದು 1969ರ ತನಕ ಆಳಿದರು.

ಅಲ್ಲಿಂದ ಅರವತ್ತು ವರ್ಷ ಕಳೆದಮೇಲೆ, 2024ರ ಜನವರಿ 17ರಂದು, ಇಂಗ್ಲೆಂಡಿನ ಅರಮನೆಯಿಂದ ಒಂದು ಪ್ರಕಟಣೆ ಹೊರಟಿತು. ಎಪ್ಪತ್ತೈದು ವಯಸ್ಸಿನ ದೊರೆ ಮೂರನೆಯ ಚಾರ್ಲ್ಸರಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಪ್ರತಿವರ್ಷವೂ ಸಾವಿರಾರು ಪುರುಷರಿಗೆ ಆಗುವಂತೆಯೇ ಅವರಿಗೂ ಚಿಕಿತ್ಸೆ ಆಗಲಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಇಂತಹ ತೊಂದರೆಯಿರುವ ಬೇರೆ ಗಂಡಸರೂ ವೈದ್ಯರ ಬಳಿಗೆ ಹೋಗಲೆಂಬುದೇ ಉದ್ದೇಶವಾಗಿತ್ತು. ಸಿಂಹಾಸನದ ಮೇಲೆ ಕುಳಿತವರು ಮೂತ್ರದ ತೊಂದರೆಯನ್ನು ಡಂಗುರ ಸಾರಿಸಿದ್ದು ಚರಿತ್ರೆಯಲ್ಲಿ ಅಪರೂಪವೇ ಸರಿ. ಆ ಚಿಕಿತ್ಸೆಯ ಸಂದರ್ಭದಲ್ಲಿಯೇ ಅವರ ದೇಹದಲ್ಲಿ ಬೇರೊಂದೆಡೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅದು ಪ್ರಾಸ್ಟೇಟಿನದಲ್ಲವೆಂದೂ ಅರಮನೆಯೇ ತಿಳಿಸಿತು. ಸಂಕೋಚಪಟ್ಟು ಸುಮ್ಮನಿದ್ದಿದ್ದರೆ ಅದು ಇನ್ನೆಷ್ಟು ದಿನ ಅಡಗಿರುತ್ತಿತ್ತೋ!

ದೊರೆಗಳ ಮಾತು ಅಂತಿರಲಿ. ಮೈಸೂರಿನ ಯಾವುದೋ ಒಂದು ಬಡಾವಣೆಯಲ್ಲಿ ಅರವತ್ತೇಳು ವಯಸ್ಸಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಇದ್ದಾರೆಂದು ಊಹಿಸಿಕೊಳ್ಳಬಹುದು. ಊಹೆಗೆ ಹೆಚ್ಚು ಶ್ರಮ ಬೇಕಾಗಿಲ್ಲ. ಅಂತಹವರು ಪ್ರತಿ ಬೀದಿಯಲ್ಲಿಯೂ ಇದ್ದಾರೆ. ಸಂಜೆ ಆರಾದ ಮೇಲೆ ಅವರು ನೀರು ಮುಟ್ಟುವುದಿಲ್ಲ. ಸಂಗೀತ ಕಚೇರಿಗೆ ಹೋದರೆ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಮೊಮ್ಮಗಳ ನಾಮಕರಣಕ್ಕೆ ಶಿವಮೊಗ್ಗೆಗೆ ಬಸ್ಸಿನಲ್ಲಿ ಹೋಗೋಣವೆಂದರೆ ಮಂಡಿನೋವಿನ ನೆವ ಹೇಳುತ್ತಾರೆ. ರಾತ್ರಿ ಬಚ್ಚಲುಮನೆಯ ದೀಪ ಹನ್ನೊಂದಕ್ಕೆ ಒಮ್ಮೆ, ಒಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ, ಕೋಳಿ ಕೂಗುವ ಹೊತ್ತಿಗೆ ಇನ್ನೊಮ್ಮೆ ಹೊತ್ತಿಕೊಳ್ಳುತ್ತದೆ. ಒಳಗೆ ಹೋದವರು ಬೇಗ ಹೊರಬರುವುದೂ ಇಲ್ಲ. ಸೊಸೆ ಕಂಡರೂ ಕಾಣದಂತಿರುತ್ತಾಳೆ. ಮಗ, ‘ಅಪ್ಪನಿಗೆ ಸಕ್ಕರೆ ಕಾಯಿಲೆ ಇರಬಹುದು’ ಎಂದುಕೊಳ್ಳುತ್ತಾನೆ. ಮಡದಿಗೆ ಎಲ್ಲವೂ ಗೊತ್ತು; ಅವರ ನಿದ್ದೆಯೂ ನಾಲ್ಕು ಸಲ ಕೆಡುತ್ತದೆ. ಆದರೆ ಅವರೂ ಬಾಯಿಬಿಡುವುದಿಲ್ಲ. ಮೂವತ್ತೈದು ವರ್ಷ ತರಗತಿಯ ತುಂಬ ಗುಡುಗಿದ ಗಂಟಲು ಈ ಒಂದು ವಿಷಯದಲ್ಲಿ ಮಾತ್ರ ಹೂತುಹೋಗಿದೆ.

ಕೊಳವೆಯ ಸುತ್ತಣ ಉಂಗುರ

ಪ್ರಾಸ್ಟೇಟ್ ಗ್ರಂಥಿ ಪುರುಷರಿಗೆ ಮಾತ್ರ ಇರತಕ್ಕದ್ದು. ಮೂತ್ರಕೋಶದ ಕೆಳಗೆ, ಮೂತ್ರನಾಳವು ಹೊರಡುವ ಸ್ಥಳದಲ್ಲಿ, ಆ ನಾಳವನ್ನು ಉಂಗುರದಂತೆ ಬಳಸಿಕೊಂಡಿರುತ್ತದೆ. ವೀರ್ಯದ ದ್ರವಾಂಶದಲ್ಲಿ ಒಂದು ಪಾಲನ್ನು ಒದಗಿಸುವುದೇ ಅದರ ಕೆಲಸ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಒಂದು ಅಕ್ರೋಟಿನ ಗಾತ್ರ. ನಲವತ್ತು ದಾಟಿದ ಮೇಲೆ ಎಷ್ಟೋ ಜನರಲ್ಲಿ ಅದರ ಒಳಭಾಗ ಮೆಲ್ಲಮೆಲ್ಲನೆ ಬೆಳೆಯತೊಡಗುತ್ತದೆ. ಐವತ್ತರಿಂದ ಅರವತ್ತರ ವಯಸ್ಸಿನಲ್ಲಿ ಗಂಡಸರ ಪೈಕಿ ಸರಿಸುಮಾರು ಅರ್ಧದಷ್ಟು ಜನರ ಗ್ರಂಥಿಯಲ್ಲಿ, ಎಂಬತ್ತು ದಾಟಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿದವರಲ್ಲಿ, ಈ ಬೆಳವಣಿಗೆಯನ್ನು ಸೂಕ್ಷ್ಮದರ್ಶಕದ ಮೂಲಕ ಕಾಣಬಹುದು. ಕೂದಲು ನೆರೆಯುವಷ್ಟೇ ಇದು ಸಾಧಾರಣ. ಬೆಳೆದವರಿಗೆಲ್ಲ ತೊಂದರೆಯಾಗುವುದಿಲ್ಲ. ದೊಡ್ಡ ಗ್ರಂಥಿಯಿದ್ದೂ ಸುಖವಾಗಿರುವವರಿದ್ದಾರೆ; ಸಣ್ಣ ಗ್ರಂಥಿಯಿಂದ ನರಳುವವರೂ ಇದ್ದಾರೆ. ಅದು ನಾಳವನ್ನು ಎಷ್ಟು ಅಮುಕುತ್ತದೆಂಬುದೇ ಮುಖ್ಯ.

ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯ ಮೇಲೆ ಕಾಲಿಟ್ಟರೆ ಧಾರೆ ಸಣ್ಣದಾಗುತ್ತದೆಯಷ್ಟೆ? ಇಲ್ಲಿಯೂ ಹಾಗೆಯೆ. ಧಾರೆ ಕ್ಷೀಣಿಸುತ್ತದೆ, ತಡೆತಡೆದು ಬರುತ್ತದೆ, ಮುಗಿಯಿತೆಂದು ಎದ್ದಮೇಲೂ ತೊಟ್ಟಿಕ್ಕುತ್ತದೆ. ಎದುರಿನ ತಡೆಯನ್ನು ಗೆಲ್ಲಲು ಮೂತ್ರಕೋಶದ ಸ್ನಾಯು ಗರಡಿಯ ಪೈಲ್ವಾನನಂತೆ ದಪ್ಪಗಾಗುತ್ತದೆ. ದಪ್ಪಗಾದುದು ಮುಂಗೋಪಿಯೂ ಆಗುತ್ತದೆ. ತುಸು ತುಂಬಿದರೂ ‘ಏಳು, ಏಳು’ ಎಂದು ಅವಸರಪಡಿಸುತ್ತದೆ. ಕೊನೆಗೊಂದು ದಿನ ದಣಿದು ಕೈಚೆಲ್ಲುತ್ತದೆ. ಆಗ ಪೂರ್ತಿ ಖಾಲಿಯಾಗದೆ ಒಳಗೇ ನಿಂತ ಮೂತ್ರದಲ್ಲಿ ಸೋಂಕು ತಗಲಬಹುದು, ಕಲ್ಲು ಕಟ್ಟಬಹುದು; ಒತ್ತಡ ಹಿಂದಕ್ಕೆ ಹೊರಳಿ ಮೂತ್ರಪಿಂಡಗಳನ್ನೇ ಹಾಳುಮಾಡಬಹುದು. ಈ ಕಡೆಯದು ನೋವಿಲ್ಲದೆ ನಡೆದುಹೋಗುವ ಅನಾಹುತವಾದುದರಿಂದ ಹೆಚ್ಚು ಭಯಂಕರ.

ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ; ಮುಂದೆ ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಹಿರಿಯರು ವೈದ್ಯರಿಂದ ದೂರ ಓಡುವುದು ಹೆಚ್ಚಾಗಿ ಆ ಒಂದು ಪದದ ಹೆದರಿಕೆಯಿಂದ. ಕ್ಯಾನ್ಸರ್ ಬಹುಮಟ್ಟಿಗೆ ಗ್ರಂಥಿಯ ಹೊರಭಾಗದಲ್ಲಿ ಹುಟ್ಟತಕ್ಕದ್ದು, ಈ ಊತ ಒಳಭಾಗದ್ದು. ಆದರೂ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರಿರುವಂತೆ ಎರಡೂ ಒಬ್ಬನಲ್ಲಿಯೇ ಇರಬಹುದು. ಆದುದರಿಂದಲೇ ವೈದ್ಯರು ಬೆರಳಿನಿಂದ ಗುದದ್ವಾರದ ಮೂಲಕ ಗ್ರಂಥಿಯನ್ನು ಮುಟ್ಟಿ ನೋಡುವುದು, ಅಗತ್ಯ ಕಂಡರೆ ಪಿಎಸ್‌ಎ ಎಂಬ ರಕ್ತಪರೀಕ್ಷೆ ಮಾಡಿಸುವುದು. ಇವಲ್ಲದೆ ಮೂತ್ರಪರೀಕ್ಷೆ, ಮೂತ್ರಪಿಂಡಗಳ ಸ್ಥಿತಿಗತಿಗಾಗಿ ರಕ್ತದ ಕ್ರಿಯಾಟಿನಿನ್, ಅಲ್ಟ್ರಾಸೌಂಡಿನಲ್ಲಿ ವಿಸರ್ಜನೆಯ ಅನಂತರ ಒಳಗೆ ಎಷ್ಟು ಉಳಿದಿದೆಯೆಂಬ ಲೆಕ್ಕ, ಧಾರೆಯ ವೇಗವನ್ನು ಅಳೆಯುವ ಯಂತ್ರ ಇವೂ ಇವೆ. ಬೆರಳಿನ ಪರೀಕ್ಷೆ ಒಂದು ನಿಮಿಷದ್ದು. ಅದರ ನಾಚಿಕೆಗಾಗಿ ಐದು ವರ್ಷ ಆಸ್ಪತ್ರೆಯ ಮೆಟ್ಟಿಲು ತುಳಿಯದವರುಂಟು.

ಪ್ರಾಚೀನರಿಗೆ ಈ ವ್ಯಾಧಿ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯಲ್ಲಿ ಮೂತ್ರಾಘಾತದ ಹನ್ನೆರಡು ಭೇದಗಳನ್ನು ಹೇಳಿದೆ. ಅವುಗಳಲ್ಲೊಂದಾದ ವಾತಾಷ್ಠೀಲದಲ್ಲಿ ಗುಂಡುಕಲ್ಲಿನಂತಹ ಗಟ್ಟಿ ಗಂಟು ಮೂಡಿ ಮೂತ್ರದ ದಾರಿಯನ್ನು ಅಡ್ಡಗಟ್ಟುತ್ತದೆ. ಅಷ್ಠೀಲವೆಂದರೆ ಗುಂಡಾದ ಕಲ್ಲು. ಇದೇ ಇಂದಿನ ಪ್ರಾಸ್ಟೇಟ್ ಊತವೆಂದು ಆಯುರ್ವೇದ ವಿದ್ವಾಂಸರು ಗುರುತಿಸುವುದುಂಟು. ಹೆಸರಿಡುವುದರಲ್ಲಿ ಅವರ ಕಣ್ಣು ಎಷ್ಟು ಚುರುಕಾಗಿತ್ತು!

ಫ್ರೇಯರನ ಬೆರಳು

ಹೆಸರು ಗೊತ್ತಿದ್ದರೂ ಆ ಗಂಟನ್ನು ತೆಗೆಯುವ ವಿದ್ಯೆ ಮಾತ್ರ ಬಹುಕಾಲ ಕೈಗೆ ಸಿಕ್ಕಿರಲಿಲ್ಲ. ಶತಮಾನಗಳ ಕಾಲ ನಳಿಕೆಯೊಂದೇ ಗತಿ. ಮಿಂಚಿನ ಗುಟ್ಟನ್ನು ಗಾಳಿಪಟದಿಂದ ಬಿಡಿಸಿದನೆಂದು ಶಾಲೆಯ ಪುಸ್ತಕಗಳಲ್ಲಿ ಓದುವ ಬೆಂಜಮಿನ್ ಫ್ರಾಂಕ್ಲಿನ್ನನು, ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ ತನ್ನ ಅಣ್ಣನಿಗೋಸ್ಕರ, ಬಾಗುವಂತಹ ಬೆಳ್ಳಿಯ ನಳಿಕೆಯೊಂದನ್ನು 1752ರಲ್ಲಿ ಮಾಡಿಸಿಕೊಟ್ಟಿದ್ದನು.

ಪೂರ್ಣ ಗ್ರಂಥಿಯೂತವನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಗೆ ಹೆಸರು ತಂದುಕೊಟ್ಟವನು ಪೀಟರ್ ಫ್ರೇಯರ್. ಐರ್ಲೆಂಡಿನವನಾದ ಈತ 1875ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಉತ್ತರ ಭಾರತದಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದನು. ಮೂತ್ರಕೋಶದ ಕಲ್ಲನ್ನು ಕೊಯ್ಯದೆಯೆ, ಮೂತ್ರನಾಳದ ದಾರಿಯಲ್ಲಿಯೇ ಉಪಕರಣವನ್ನಿಳಿಸಿ ಪುಡಿಮಾಡುವುದರಲ್ಲಿ ಅವನ ಕೈ ಪಳಗಿದ್ದು ಇಲ್ಲಿಯ ರೋಗಿಗಳಿಂದಲೇ. ರಾಂಪುರದ ನವಾಬರಿಗೆ ಚಿಕಿತ್ಸೆ ಮಾಡಿ ಭಾರಿ ಸಂಭಾವನೆ ಪಡೆದುದು ಸರಕಾರದ ಕಣ್ಣು ಕೆಂಪಾಗಲು ಕಾರಣವಾಯಿತು. ಲಂಡನ್ನಿಗೆ ಮರಳಿದವನು 1900ನೆಯ ಇಸವಿ ಡಿಸೆಂಬರ್ 1ರಂದು, ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿ, ರೋಗಿಯ ಕಿಬ್ಬೊಟ್ಟೆಯಲ್ಲಿ ಮೂತ್ರಕೋಶವನ್ನು ತೆರೆದು, ಒಳಗೆ ಬೆರಳು ತೂರಿಸಿ, ಕಿತ್ತಳೆಯ ತೊಳೆಗಳನ್ನು ಸಿಪ್ಪೆಯಿಂದ ಬಿಡಿಸುವಂತೆ ಬೆಳೆದ ಭಾಗವನ್ನು ಹೊದಿಕೆಯಿಂದ ಬಿಡಿಸಿ ತೆಗೆದನು. ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಅದಕ್ಕೂ ಮುಂಚೆ 1890ರ ದಶಕದಲ್ಲಿಯೇ ಇಂತಹ ಕ್ರಿಯೆ ನಡೆಸಿದ್ದನು. ಮೊದಲು ಮಾಡಿದವರಾರೆಂದು ಸಮುದ್ರದ ಎರಡೂ ದಂಡೆಗಳಲ್ಲಿ ಕಾಗದಗಳ ಕದನವೇ ನಡೆಯಿತು. ರೋಗಿಗಳಿಗಂತೂ ಯಾರು ಮೊದಲಿಗರಾದರೂ ಒಂದೇ!

ಹೊಟ್ಟೆ ಕೊಯ್ಯದೆ ಮೂತ್ರನಾಳದ ದಾರಿಯಿಂದಲೇ ಅಡ್ಡಿಯನ್ನು ತರಿದುಹಾಕುವ ಉಪಕರಣವನ್ನು 1926ರಲ್ಲಿ ನ್ಯೂಯಾರ್ಕಿನ ಮ್ಯಾಕ್ಸಿಮಿಲಿಯನ್ ಸ್ಟರ್ನ್ ರೂಪಿಸಿದನು. ಅದರ ಮುಂದಿನ ಪೀಳಿಗೆಯೇ ಇಂದು ಟಿಯುಆರ್‌ಪಿ ಎಂದು ಕರೆಯಲ್ಪಡುವ ಚಿಕಿತ್ಸೆ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ದೀಪವೂ ಮಸೂರವೂ ಉಳ್ಳ ತೆಳ್ಳನೆಯ ಕೊಳವೆಯನ್ನು ಇಳಿಸಿ, ವಿದ್ಯುತ್ತಿನಿಂದ ಕಾದ ತಂತಿಯ ಕುಣಿಕೆಯಿಂದ ಗ್ರಂಥಿಯ ಒಳಭಾಗವನ್ನು ಚೂರುಚೂರಾಗಿ ಹೆರೆದು ತೆಗೆಯುತ್ತಾರೆ. ಹೊರಗೆ ಒಂದು ಗೀರೂ ಇಲ್ಲ. ಒಂದೆರಡು ದಿನ ನಳಿಕೆ ಇರುತ್ತದೆ, ಮೂತ್ರ ಕೆಂಪಗಿರುತ್ತದೆ, ಆಮೇಲೆ ಮನೆ. ಹಲವು ದಶಕಗಳಿಂದ ಉಳಿದ ಚಿಕಿತ್ಸೆಗಳನ್ನೆಲ್ಲ ಒರೆಗೆ ಹಚ್ಚುವ ಕಲ್ಲಾಗಿ ನಿಂತಿರುವುದು ಇದೇ.

ಸಲಿನಾಸ್ ಗ್ರಾಮದ ಮಕ್ಕಳು

ಶಸ್ತ್ರವಿಲ್ಲದೆ ಗುಳಿಗೆಯಿಂದ ಗ್ರಂಥಿಯನ್ನು ಕುಗ್ಗಿಸಬಹುದೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಅಲ್ಲ. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಕುಗ್ರಾಮದಲ್ಲಿ. ಅಲ್ಲಿಯ ಕೆಲವು ಮನೆತನಗಳಲ್ಲಿ ಹೆಣ್ಣೆಂದು ಹೆಸರಿಟ್ಟು ಲಂಗ ತೊಡಿಸಿ ಬೆಳೆಸಿದ ಮಕ್ಕಳು ಹನ್ನೆರಡರ ಪ್ರಾಯದಲ್ಲಿ ಗಂಡುಮಕ್ಕಳಾಗಿ ತೋರಿಬರುತ್ತಿದ್ದರು. ನ್ಯೂಯಾರ್ಕಿನ ವೈದ್ಯೆ ಜೂಲಿಯೆನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಹಾಗೂ ಅವರ ಜೊತೆಗಾರರು ಅಲ್ಲಿಗೆ ಹೋಗಿ ಪರಿಶೀಲಿಸಿ 1974ರಲ್ಲಿ ಕಾರಣವನ್ನು ಪ್ರಕಟಿಸಿದರು. ಪುರುಷಹಾರ್ಮೋನಾದ ಟೆಸ್ಟೋಸ್ಟಿರೋನನ್ನು ಇನ್ನೂ ಪ್ರಬಲವಾದ ಮತ್ತೊಂದು ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವವೊಂದು ಆ ಮಕ್ಕಳಲ್ಲಿ ಹುಟ್ಟಿನಿಂದಲೇ ಕೊರತೆಯಾಗಿತ್ತು. ಅವರು ಬೆಳೆದು ದೃಢಕಾಯರಾದ ಗಂಡಸರಾದರು. ಆದರೆ ಅವರ ಪ್ರಾಸ್ಟೇಟ್ ಗ್ರಂಥಿ ಮಾತ್ರ ಜೀವಮಾನವೆಲ್ಲ ಪುಟ್ಟದಾಗಿಯೇ ಉಳಿಯುತ್ತಿತ್ತು; ತಲೆಯೂ ಬೋಳಾಗುತ್ತಿರಲಿಲ್ಲ.

ಅಂದಮೇಲೆ ಆ ಕಿಣ್ವವನ್ನು ಮದ್ದಿನಿಂದ ತಡೆದರೆ ವೃದ್ಧರ ಗ್ರಂಥಿಯೂ ಕುಗ್ಗಬೇಕಲ್ಲವೆ? ಈ ತರ್ಕದಿಂದ ಹುಟ್ಟಿದ ಫಿನಾಸ್ಟಿರೈಡ್ ಎಂಬ ಗುಳಿಗೆಗೆ 1992ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲವು ಪಾಶ್ಚಾತ್ಯ ಶಸ್ತ್ರವೈದ್ಯರು ಇದೇ ವ್ಯಾಧಿಗಾಗಿ ವೃದ್ಧರ ವೃಷಣಗಳನ್ನೇ ತೆಗೆದುಹಾಕುತ್ತಿದ್ದರೆಂಬುದನ್ನು ನೆನೆದರೆ, ಒಂದು ಗುಳಿಗೆಯ ಬೆಲೆ ಏನೆಂಬುದು ಗೊತ್ತಾದೀತು.

ಆದರೆ ಈ ಗುಳಿಗೆಗೆ ತಾಳ್ಮೆ ಬೇಕು. ಗ್ರಂಥಿಯ ಗಾತ್ರ ನಾಲ್ಕರಲ್ಲೊಂದು ಪಾಲಿನಷ್ಟು ಇಳಿಯಲು ಆರು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ದೊಡ್ಡ ಗ್ರಂಥಿಯಿರುವವರಿಗೇ ಇದು ಫಲಕಾರಿ. ಕೆಲವರಲ್ಲಿ ಕಾಮಾಸಕ್ತಿ ಕುಗ್ಗುವುದುಂಟು. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಲೇಸು. ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಇದು ಅರ್ಧಕ್ಕೆ ಇಳಿಸುವುದರಿಂದ, ಹೊಸ ವೈದ್ಯರನ್ನು ಕಂಡಾಗ ಗುಳಿಗೆಯ ಸಂಗತಿ ಹೇಳದಿದ್ದರೆ ಅವರ ಲೆಕ್ಕ ತಪ್ಪಬಹುದು. ಮನೆಯಲ್ಲಿ ಗರ್ಭಿಣಿಯಾದ ಮಗಳೋ ಸೊಸೆಯೋ ಇದ್ದರೆ ಪುಡಿಯಾದ ಅಥವಾ ಮುರಿದ ಗುಳಿಗೆಯನ್ನು ಅವರು ಮುಟ್ಟಕೂಡದು. ಗಂಡುಶಿಶುವಿನ ಬೆಳವಣಿಗೆಗೆ ಅದರಿಂದ ಕೇಡಾದೀತು. ಮಾವನವರ ಔಷಧಿಯನ್ನು ಸೊಸೆಯೇ ಎತ್ತಿಕೊಡುವ ಸಂಸಾರಗಳಲ್ಲಿ ಇದು ಸಣ್ಣ ಮಾತಲ್ಲ.

ಬೇಗನೆ ಗುಣ ತೋರಿಸುವ ಬಳಗ ಬೇರೆ. ಟ್ಯಾಮ್ಸುಲೋಸಿನ್, ಆಲ್ಫುಝೋಸಿನ್, ಸಿಲೊಡೋಸಿನ್ ಮೊದಲಾದವು ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಮೂತ್ರಕೋಶದ ಕುತ್ತಿಗೆಯ ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಧಾರೆ ಸಲೀಸಾಗುತ್ತದೆ. ಹಾಸಿಗೆಯಿಂದ ತಟ್ಟನೆ ಎದ್ದರೆ ತಲೆ ತಿರುಗಬಹುದಾದುದರಿಂದ ಒಂದು ಗಳಿಗೆ ಮಂಚದ ಅಂಚಿನಲ್ಲಿ ಕುಳಿತು ಅನಂತರ ಏಳಬೇಕು. ಇನ್ನೊಂದು ಮಾತನ್ನು ಬಹಳ ಜನ ಅರಿಯರು. ಈ ಔಷಧಿ ತೆಗೆದುಕೊಳ್ಳುವವರ ಕಣ್ಣಿನ ಪಾಪೆಯ ಸುತ್ತಣ ಪಟಲ, ಪೊರೆಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಸಡಿಲವಾಗಿ ತೊಂದರೆ ಕೊಡುವುದೆಂದು 2005ರಲ್ಲಿ ಗೊತ್ತಾಯಿತು. ಪೊರೆ ಬರುವ ವಯಸ್ಸೂ ಗ್ರಂಥಿ ಬೆಳೆಯುವ ವಯಸ್ಸೂ ಒಂದೆಯಷ್ಟೆ! ಕಣ್ಣಿನ ವೈದ್ಯರಿಗೆ ಮೂತ್ರದ ಗುಳಿಗೆಯ ವಿಚಾರವೇಕೆಂದು ಸುಮ್ಮನಿರಬಾರದು.

ಎರಡು ಬಗೆಯ ಗುಳಿಗೆಗಳನ್ನೂ ಒಟ್ಟಿಗೆ ಕೊಟ್ಟರೆ ಹೇಗೆ? ಅಮೆರಿಕದಲ್ಲಿ 3047 ಜನರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಸಿಗುಳಿಗೆ ಪಡೆದವರೊಡನೆ ಹೋಲಿಸಿದರೆ, ಎರಡನ್ನೂ ಪಡೆದವರಲ್ಲಿ ವ್ಯಾಧಿ ಉಲ್ಬಣಿಸುವ ಸಂಭವ ನೂರಕ್ಕೆ 66ರಷ್ಟು ಕಡಮೆಯಾಗಿತ್ತು. ಒಂದೊಂದನ್ನೇ ಪಡೆದವರಲ್ಲಿ ಇಳಿಕೆ 34ರಿಂದ 39ರಷ್ಟು ಮಾತ್ರ. ಇವಲ್ಲದೆ, ಪುರುಷತ್ವದ ದೌರ್ಬಲ್ಯಕ್ಕೆ ಬಳಸುವ ಟಡಲಾಫಿಲ್ ಎಂಬ ಮದ್ದನ್ನೂ ಅಲ್ಪ ಪ್ರಮಾಣದಲ್ಲಿ ಇದಕ್ಕೆ ಕೊಡುವುದುಂಟು. ಹೃದಯದ ನೋವಿಗೆ ನೈಟ್ರೇಟ್ ಗುಳಿಗೆಗಳನ್ನು ನುಂಗುವವರಿಗೆ ಅದು ಪ್ರಾಣಾಪಾಯಕರ; ಸ್ನೇಹಿತರ ಸಲಹೆಯಂತೆ ಅಂಗಡಿಯಿಂದ ತಂದು ನುಂಗತಕ್ಕದ್ದಲ್ಲ.

‘ಬೇರು–ನಾರಿನ ಔಷಧಿ, ಅಪಾಯವಿಲ್ಲ’ ಎಂದು ಜಾಹೀರಾತುಗಳಲ್ಲಿ ಮೆರೆಯುವ ಪುಡಿ–ಕ್ಯಾಪ್ಸೂಲುಗಳ ಮಾತೇನು? ಅವುಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಮಾರಾಟವಾಗುವ ಸಾ ಪಾಮೆಟೊ ಎಂಬ ಕುಳ್ಳುತಾಳೆಯ ಹಣ್ಣಿನ ಸಾರವನ್ನು ಅಮೆರಿಕದಲ್ಲಿ ಎರಡು ಸಲ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. 2006ರಲ್ಲಿಯೂ, ಮೂರು ಪಟ್ಟು ಪ್ರಮಾಣ ಕೊಟ್ಟು ನೋಡಿದ 2011ರಲ್ಲಿಯೂ ಅದು ಹುಸಿಗುಳಿಗೆಯನ್ನು ಮೀರಿಸಲಿಲ್ಲ. ದುಡ್ಡು ಹೋದರೆ ಹೋಗಲಿ. ಆ ಭರವಸೆಯಲ್ಲಿ ಕಳೆದುಹೋಗುವ ತಿಂಗಳುಗಳು ಹಿಂದಿರುಗಿ ಬಾರವು.

ಎಂಟನೆಯ ಪ್ರಶ್ನೆ

ಇಷ್ಟೊಂದು ದಾರಿಗಳಿರುವಾಗ ಯಾರಿಗೆ ಯಾವುದು ತಕ್ಕುದೆಂದು ನಿಶ್ಚಯಿಸುವವರಾರು? ವೈದ್ಯರೊಬ್ಬರೇ ಅಲ್ಲ. 1992ರಿಂದ ಬಳಕೆಗೆ ಬಂದ ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದೊಂದು ತಿಂಗಳಲ್ಲಿ ಪೂರ್ತಿ ಖಾಲಿಯಾಗಲಿಲ್ಲವೆಂಬ ಭಾವನೆ ಎಷ್ಟು ಸಲ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾದುದು ಎಷ್ಟು ಸಲ, ಧಾರೆ ತಡೆದದ್ದು, ತಡೆಯಲಾರದೆ ಓಡಿದ್ದು, ಧಾರೆ ಕ್ಷೀಣಿಸಿದ್ದು, ಮುಕ್ಕಬೇಕಾದದ್ದು, ರಾತ್ರಿ ಎದ್ದದ್ದು ಎಷ್ಟು ಸಲ ಎಂದು ಏಳು ಪ್ರಶ್ನೆಗಳು. ಒಂದೊಂದಕ್ಕೆ ಹೆಚ್ಚೆಂದರೆ 5 ಅಂಕ, ಒಟ್ಟು 35. ಏಳರವರೆಗೆ ಸೌಮ್ಯ, ಎಂಟರಿಂದ ಹತ್ತೊಂಬತ್ತರವರೆಗೆ ಮಧ್ಯಮ, ಅದರಾಚೆಗೆ ತೀವ್ರ. ಪರೀಕ್ಷೆಯಲ್ಲಿ ಅಂಕ ಹೆಚ್ಚಿದಷ್ಟೂ ದುಃಖವಾಗುವುದು ಇದೊಂದರಲ್ಲಿಯೇ ಇರಬೇಕು! ಕೊನೆಯಲ್ಲಿ, ಈ ಲೆಕ್ಕಕ್ಕೆ ಸೇರದ ಎಂಟನೆಯದೊಂದು ಪ್ರಶ್ನೆಯಿದೆ: ಉಳಿದ ಆಯುಷ್ಯವನ್ನೆಲ್ಲ ಹೀಗೆಯೇ ಕಳೆಯಬೇಕಾದರೆ ತಮಗೆ ಹೇಗನಿಸುತ್ತದೆ? ಚಿಕಿತ್ಸೆಯ ದಾರಿ ಬಹುಮಟ್ಟಿಗೆ ತಿರುಗುವುದು ಈ ಪ್ರಶ್ನೆಯ ಮೇಲೆ. ಅದಕ್ಕೆ ರೋಗಿಯ ಹೊರತು ಇನ್ನಾರೂ ಉತ್ತರ ಕೊಡಲಾರರು.

ಅಂಕ ಕಡಮೆಯಿದ್ದು, ಮನಸ್ಸಿಗೂ ಬೇಸರವಿಲ್ಲದವರು ಗುಳಿಗೆಯ ಗೊಡವೆಗೇ ಹೋಗದೆ ವರ್ಷಕ್ಕೊಮ್ಮೆ ತೋರಿಸಿಕೊಂಡಿರಬಹುದು. ಸಂಜೆಯ ಮೇಲೆ ನೀರು ಮಿತವಾಗಿರಲಿ. ಆದರೆ ಹಗಲಿನಲ್ಲಿ ನೀರು ಬಿಡಬಾರದು. ರಾತ್ರಿ ಊಟದ ನಂತರದ ಫಿಲ್ಟರ್ ಕಾಫಿ ನಿಲ್ಲಬೇಕು. ಹಳೇ ಮೈಸೂರಿನವರಿಗೆ ಇದು ಶಸ್ತ್ರಚಿಕಿತ್ಸೆಗಿಂತ ಕಷ್ಟವಾದೀತು. ಮಲಬದ್ಧತೆಯಾಗದಂತೆ ನೋಡಿಕೊಳ್ಳಬೇಕು. ಒಮ್ಮೆ ಹೋಗಿ, ಸ್ವಲ್ಪ ಹೊತ್ತು ತಡೆದು, ಮತ್ತೊಮ್ಮೆ ಪ್ರಯತ್ನಿಸುವ ಅಭ್ಯಾಸದಿಂದ ಮೂತ್ರಕೋಶ ಚೆನ್ನಾಗಿ ಖಾಲಿಯಾಗುತ್ತದೆ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಅದನ್ನು ನುಂಗುವ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೆಗಡಿಗೆಂದು ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು. ಅವುಗಳಲ್ಲಿ ಹಲವು ಮೂತ್ರಕೋಶದ ಕುತ್ತಿಗೆಯನ್ನು ಬಿಗಿಯುವಂಥವು, ಅಥವಾ ಸ್ನಾಯುವನ್ನು ಸೋಮಾರಿಯಾಗಿಸುವಂಥವು. ಮಳೆಗಾಲದ ಒಂದು ನೆಗಡಿಯಿಂದ ಮೂತ್ರ ಪೂರ್ತಿ ಕಟ್ಟಿಹೋದ ಹಿರಿಯರುಂಟು.

ಹಾಗೆ ಕಟ್ಟಿದಾಗ ಮನೆಮದ್ದಿಗೆ ಸಮಯವಿಲ್ಲ. ಬಾರ್ಲಿ ನೀರು, ಎಳನೀರು ಕುಡಿಸಿದಷ್ಟೂ ಸಂಕಟ ಇಮ್ಮಡಿಸುತ್ತದೆ. ರಾತ್ರಿ ಎರಡು ಗಂಟೆಯಾದರೂ ಸರಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ನಳಿಕೆಯಿಟ್ಟ ಕೆಲವೇ ನಿಮಿಷಗಳಲ್ಲಿ, ಸಾಯುವೆನೆನ್ನುತ್ತಿದ್ದವರು ಮಾತನಾಡತೊಡಗುತ್ತಾರೆ. ಅನೇಕರಲ್ಲಿ ಗುಳಿಗೆ ಆರಂಭಿಸಿ ಕೆಲವು ದಿನದ ಮೇಲೆ ನಳಿಕೆ ತೆಗೆದು ನೋಡುತ್ತಾರೆ. ಮತ್ತೆ ಮತ್ತೆ ಕಟ್ಟಿದರೆ, ಮೂತ್ರಪಿಂಡಕ್ಕೆ ಪೆಟ್ಟಾಗಿದ್ದರೆ, ಕಲ್ಲು ಬೆಳೆದಿದ್ದರೆ, ರಕ್ತಸ್ರಾವವೋ ಸೋಂಕೋ ಪದೇ ಪದೇ ಕಾಡಿದರೆ, ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಸರಿಯಲ್ಲ.

ಆ ಶಸ್ತ್ರಚಿಕಿತ್ಸೆಯಲ್ಲಿಯೂ ಇಂದು ಆಯ್ಕೆಗಳಿವೆ. ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಹಾಗೂ ಸಂಗಡಿಗರು 1990ರ ದಶಕದ ಕೊನೆಯಲ್ಲಿ ರೂಢಿಸಿದ ಹೋಲ್ಮಿಯಂ ಲೇಸರ್ ವಿಧಾನದಲ್ಲಿ, ಬೆಳೆದ ಭಾಗವನ್ನು ಹೊದಿಕೆಯಿಂದ ಇಡಿಯಾಗಿ ಬಿಡಿಸಿ, ಮೂತ್ರಕೋಶಕ್ಕೆ ತಳ್ಳಿ, ಅಲ್ಲಿ ಪುಡಿಮಾಡಿ ಹೀರಿಕೊಳ್ಳುತ್ತಾರೆ. ಯೋಚಿಸಿ ನೋಡಿದರೆ ಇದು ಫ್ರೇಯರನ ಬೆರಳಿನ ಕೆಲಸವೇ. ಬೆರಳಿನ ಜಾಗಕ್ಕೆ ಬೆಳಕು ಬಂದಿದೆ. ಬಹು ದೊಡ್ಡ ಗ್ರಂಥಿಗಳಿಗೂ ಇದು ಒಗ್ಗುತ್ತದೆ, ರಕ್ತ ನಷ್ಟವೂ ಕಡಮೆ. ಗ್ರಂಥಿಯನ್ನು ಸಣ್ಣ ಕೊಕ್ಕೆಗಳಿಂದ ಇಬ್ಬದಿಗೂ ಎಳೆದು ಕಟ್ಟುವುದು, ಬಿಸಿ ಹಬೆಯನ್ನು ಚುಚ್ಚಿ ಒಣಗಿಸುವುದು, ಗ್ರಂಥಿಗೆ ಹೋಗುವ ರಕ್ತನಾಳವನ್ನು ಮುಚ್ಚುವುದು ಇವು ಇತ್ತೀಚಿನವು. ಎಲ್ಲ ಊರುಗಳಲ್ಲಿ ಸಿಗವು, ಎಲ್ಲರ ಗ್ರಂಥಿಗೂ ಹೊಂದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಾಂಗಗಳ ರೋಗಗಳಿಗೆಂದೇ ರಾಜ್ಯ ಸರಕಾರದ ನೆಫ್ರೋ–ಯೂರಾಲಜಿ ಸಂಸ್ಥೆಯಿದೆ. ಹೆಸರಾಂತ ಖಾಸಗಿ ಆಸ್ಪತ್ರೆಯ ಖರ್ಚಿಗೆ ಹೆದರಿ ಮನೆಯಲ್ಲಿಯೇ ಕುಳಿತಿರಬೇಕಾದ ಕಾರಣವಿಲ್ಲ.

ಪುರುಷತ್ವ ಹೋಗುವುದೆಂಬ ಅಂಜಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಗ್ರಂಥಿಯನ್ನು ಹೆರೆದ ಅಥವಾ ಬಿಡಿಸಿ ತೆಗೆದ ಮೇಲೆ ಬಹುಪಾಲು ಜನರಲ್ಲಿ ವೀರ್ಯ ಹೊರಬಾರದೆ ಹಿಂದಕ್ಕೆ ಮೂತ್ರಕೋಶವನ್ನು ಸೇರುತ್ತದೆ. ಅದರಿಂದ ದೇಹಕ್ಕೆ ಕೇಡಿಲ್ಲ. ದಾಂಪತ್ಯದ ಶಕ್ತಿ ಹೆಚ್ಚಿನವರಲ್ಲಿ ಮೊದಲಿನಂತೆಯೇ ಉಳಿಯುತ್ತದೆ. ಇದನ್ನು ಚಿಕಿತ್ಸೆಗೆ ಮುಂಚೆ ಗಂಡಹೆಂಡಿರಿಬ್ಬರಿಗೂ ಹೇಳದ ವೈದ್ಯರು ಅರ್ಧ ಕೆಲಸ ಮಾಡಿದಂತೆಯೇ ಸರಿ.

ಮನೆಯವರ ಪಾಲೂ ಸಣ್ಣದಲ್ಲ. ಮಂಚದಿಂದ ಬಚ್ಚಲಿನವರೆಗೆ ಒಂದು ಮಂದ ದೀಪವಿದ್ದರೆ ಎಷ್ಟೋ ಸೊಂಟದ ಮೂಳೆಗಳು ಉಳಿದಾವು. ನಡೆಯಲಾರದವರಿಗೆ ಹಾಸಿಗೆಯ ಬಳಿ ಒಂದು ಪಾತ್ರೆಯಿಟ್ಟರೆ ಮರ್ಯಾದೆಗೇನೂ ಕುಂದಿಲ್ಲ. ಪ್ರಯಾಣದಲ್ಲಿ ‘ಬಸ್ಸು ನಿಲ್ಲಿಸಿ’ ಎಂದು ಕೇಳುವ ಸಂಕೋಚವನ್ನು ಅವರ ಬದಲು ಮಗನೇ ಹೊತ್ತುಕೊಳ್ಳಬಹುದು. ಶಸ್ತ್ರಚಿಕಿತ್ಸೆಯಾದವರು ಕೆಲವು ವಾರ ಭಾರ ಎತ್ತಬಾರದು, ಮುಕ್ಕಬಾರದು, ಸ್ಕೂಟರ್ ಹತ್ತಬಾರದು. ಹತ್ತು–ಹದಿನೈದು ದಿನದ ಮೇಲೆ ಮೂತ್ರ ಮತ್ತೆ ಕೆಂಪಗಾದರೆ ಗಾಬರಿಯಾಗದೆ ನೀರು ಕುಡಿಸಬೇಕು. ಹೆಪ್ಪು ಬಂದರೆ ಅಥವಾ ಕಟ್ಟಿದರೆ ಆಸ್ಪತ್ರೆಗೆ ಹೋಗಬೇಕು. ಮೊದಮೊದಲು ಬಟ್ಟೆ ಒದ್ದೆಯಾಗುವುದೂ ಉಂಟು. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆ ವಾರಗಳಲ್ಲಿ ಮನೆಯಲ್ಲಿ ಯಾರೂ ಮೂಗು ಮುರಿಯದಿದ್ದರೆ ಅದೇ ದೊಡ್ಡ ಔಷಧಿ.

ಮೈಸೂರಿನ ಆ ಮುಖ್ಯೋಪಾಧ್ಯಾಯರು ಕೊನೆಗೆ ವೈದ್ಯರೆದುರು ಕುಳಿತರೆಂದೇ ಇಟ್ಟುಕೊಳ್ಳೋಣ. ಮಗನನ್ನು ಹೊರಗೆ ಕೂರಿಸಿ, ಕನ್ನಡಕ ಏರಿಸಿಕೊಂಡು, ಉತ್ತರಪತ್ರಿಕೆ ತಿದ್ದುವ ಗಾಂಭೀರ್ಯದಿಂದ ಆ ಪಟ್ಟಿಯನ್ನು ತುಂಬುತ್ತಿದ್ದಾರೆ. ಏಳನೆಯ ಪ್ರಶ್ನೆಗೆ ಬಂದಾಗ ಲೇಖನಿ ತಡವರಿಸಿತು. ‘ರಾತ್ರಿ... ಎರಡು ಸಲ ಏಳುತ್ತೇನೆಂದು ಕಾಣುತ್ತದೆ’ ಎಂದರು. ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಅದುವರೆಗೆ ತುಟಿಪಿಟಕ್ಕೆನ್ನದೆ ಕುಳಿತಿದ್ದ ಮಡದಿ, ಅವರ ಕಡೆ ನೋಡದೆ ಮೇಜಿನ ಮೇಲಿನ ಕಾಗದದ ಕಡೆಗೆ ನೋಡುತ್ತ, ‘ನಾಲ್ಕು ಅಂತ ಬರೆಯಿರಿ’ ಎಂದರು.